ಓಣಿಯ ದೈವದಿಂದ ನಿವಾಸಿಗಳ ಸಂಘದವರೆಗೆ: ಧಾರವಾಡ ಜಿಲ್ಲೆಯ ಸಣ್ಣ ಪಟ್ಟಣಗಳ ಒಂದು ಸಮೀಕ್ಷೆ

ಒಂದು ಬಡಾವಣೆಯಲ್ಲಿ ವಾಸವಿರುವವರು ನೀರು, ಗಟಾರ, ರಸ್ತೆ, ಬೀದಿದೀಪ, ಕಸ ಮತ್ತು ಖಾಲಿ ಜಾಗಗಳ ಸಲುವಾಗಿ ಕಟ್ಟಿಕೊಳ್ಳುವ ಕೂಟಕ್ಕೆ ನಿವಾಸಿಗಳ ಸಂಘ ಎನ್ನುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಅದು ‘ಕ್ಷೇಮಾಭಿವೃದ್ಧಿ ಸಂಘ’ವೆಂಬ ಬೋರ್ಡು ಹಾಕಿಕೊಂಡಿರುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಂಥ ಪಟ್ಟಣಗಳಲ್ಲಿ ಅದೇ ಕೆಲಸ ಬೇರೆ ಬೇರೆ ಹೆಸರಿನಲ್ಲಿ ಹಂಚಿಹೋಗಿದೆ. ಹಳೆಯ ಓಣಿಗಳಲ್ಲಿ ಹಿರಿಯರು ಮತ್ತು ದೈವದವರು, ಹಬ್ಬದ ಹೊತ್ತಿಗೆ ತರುಣ ಸಂಘ ಹಾಗೂ ಗಣೇಶ ಮಂಡಳಿ, ಸಾಲ–ಉಳಿತಾಯಕ್ಕೆ ಹೆಂಗಸರ ಸ್ವಸಹಾಯ ಗುಂಪು, ಊರ ಹೊರಗಿನ ಹೊಸ ಪ್ಲಾಟುಗಳಲ್ಲಿ ‘ಕಾಲನಿ ಕಮಿಟಿ’. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಭಾಗದಲ್ಲಿ ನಿವಾಸಿಗಳ ಸಂಘ ಎಂದರೇನು ಎಂಬುದು ತಿಳಿಯುತ್ತದೆ.

ಇಲ್ಲಿ ‘ದೈವ’ ಎಂದರೆ ದೇವರಷ್ಟೇ ಅಲ್ಲ. ಗುಡಿಯ ಕಟ್ಟೆಯ ಮೇಲೆ ಕೂಡಿದ ಜನಕ್ಕೂ ದೈವ ಎಂದೇ ಹೆಸರು. ಬಾವಿಯ ಹೂಳು ತೆಗೆಸುವುದು, ಜಾತ್ರೆಯ ದಿನ ಗೊತ್ತು ಮಾಡುವುದು, ಇಬ್ಬರ ನಡುವಿನ ಗೋಡೆಯ ಜಗಳ ಬಗೆಹರಿಸುವುದು ದೈವದ ಮುಂದೆ ನಡೆಯುತ್ತಿತ್ತು. 1893ರಲ್ಲಿ ತಿಲಕರು ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಚಾಲನೆ ಕೊಟ್ಟ ಮೇಲೆ ಆ ಪದ್ಧತಿ ಮುಂಬೈ ಪ್ರಾಂತಕ್ಕೆ ಸೇರಿದ್ದ ಈ ಸೀಮೆಗೂ ಬಂತು. ಓಣಿಗೊಂದು ಮಂಡಳಿ ಹುಟ್ಟಿತು. ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಹೋಳಿ ಹುಣ್ಣಿಮೆಯ ದಿನಗಳಲ್ಲಿ ಹರಕೆ ಹೊತ್ತವರು ದೂರದ ಊರುಗಳಿಂದ ಬರುತ್ತಾರೆ. ಅಷ್ಟು ಜನರ ಸಾಲು, ನೀರು, ನೆರಳು ನೋಡಿಕೊಳ್ಳುವುದು ಸಣ್ಣ ವ್ಯವಸ್ಥೆಯಲ್ಲ. ಯಾವ ಕಾಯ್ದೆಯ ಆಸರೆಯೂ ಇಲ್ಲದೆ ಇಂಥ ಕೆಲಸ ಮಾಡುವ ಅಭ್ಯಾಸ ಈ ಪಟ್ಟಣಗಳಿಗೆ ತಲೆಮಾರುಗಳಿಂದ ಇದೆ.

ಪಟ್ಟಣದ ಆಡಳಿತವೂ ಒಂದು ಕಾಲಕ್ಕೆ ನಿವಾಸಿಗಳ ಅರ್ಜಿಯಿಂದಲೇ ಹುಟ್ಟಿದ್ದು. 1850ರ 26ನೆಯ ಕಾಯ್ದೆಯ ಪ್ರಕಾರ ಊರಿನ ಜನ ಬೇಕೆಂದು ಕೇಳಿಕೊಂಡಲ್ಲಿ ಮಾತ್ರ ಮುನಿಸಿಪಾಲಿಟಿ ಸ್ಥಾಪಿಸಬಹುದಿತ್ತು. ಆ ಕಾಯ್ದೆಯಡಿ ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಮುನಿಸಿಪಾಲಿಟಿ ಬಂತು. 1962ರಲ್ಲಿ ಎರಡೂ ಸೇರಿ ಮಹಾನಗರ ಪಾಲಿಕೆಯಾಯಿತು. ಬ್ರಿಟಿಷರ ಕಾಲದಲ್ಲಿ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಈಗ ನಾಲ್ಕೂ ಪಟ್ಟಣಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಕೆಳಗಿವೆ. ಈ ಕಾಯ್ದೆ 10 ಸಾವಿರದಿಂದ 20 ಸಾವಿರ ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ ಎಂದು ಗೆರೆ ಎಳೆದಿದೆ. ನವಲಗುಂದ, ಅಣ್ಣಿಗೇರಿಗಳಲ್ಲಿ ಪುರಸಭೆ ಇದೆ. ಕುಂದಗೋಳ, ಕಲಘಟಗಿಗಳಲ್ಲಿ ಪಟ್ಟಣ ಪಂಚಾಯಿತಿ.

ನಿವಾಸಿಗಳ ಸಂಘದ ದೃಷ್ಟಿಯಿಂದ ಈ ಕಾಯ್ದೆಗಳಲ್ಲಿ ಒಂದು ದೊಡ್ಡ ಕೊರತೆ ಇದೆ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿತು, ಆದರೆ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಕರ್ನಾಟಕ 2011ರಲ್ಲಿ ಮಹಾನಗರ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ, ಪ್ರದೇಶ ಸಭೆಗಳಿಗೆ ದಾರಿ ಮಾಡಿತು. ಅದೂ ಹುಬ್ಬಳ್ಳಿ–ಧಾರವಾಡದಂಥ ಪಾಲಿಕೆಗಳ ಮಾತು. ಹಳ್ಳಿಯವನಿಗೆ ಗ್ರಾಮಸಭೆ ಇದೆ, ಮಹಾನಗರದವನಿಗೆ ವಾರ್ಡ್ ಸಮಿತಿ ಇದೆ. ಇವೆರಡರ ನಡುವೆ ಇರುವ ಸಣ್ಣ ಪಟ್ಟಣದವನಿಗೆ ಆಡಳಿತದ ಮುಂದೆ ಹಕ್ಕಿನಿಂದ ಕೂತು ಮಾತಾಡುವ ಜಾಗವನ್ನು ಸಂವಿಧಾನ ಕಡ್ಡಾಯ ಮಾಡಿಲ್ಲ. ಹೀಗಾಗಿ ನವಲಗುಂದದ ಓಣಿಯವರಾಗಲಿ ಕಲಘಟಗಿಯ ಕಾಲನಿಯವರಾಗಲಿ ವಾರ್ಡಿನ ಮೆಂಬರರ ಮೂಲಕ ಇಲ್ಲವೇ ನೇರವಾಗಿ ಮುಖ್ಯಾಧಿಕಾರಿಯ ಟೇಬಲ್ಲಿನ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಎಷ್ಟೋ ಸಲ ಆ ಮೆಂಬರರ ಕೈಯಲ್ಲೂ ಅಧಿಕಾರ ಇರುವುದಿಲ್ಲ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ಸ್ಥಳೀಯ ಸಂಸ್ಥೆಗಳಿಗೆ, ಮೀಸಲಾತಿಯ ತಕರಾರಿನಿಂದಾಗಿ, ಅಧ್ಯಕ್ಷರು ಸಿಕ್ಕಿದ್ದು 2020ರ ಕೊನೆಗೆ. ಅಲ್ಲಿಯವರೆಗೆ ಆಡಳಿತಾಧಿಕಾರಿಗಳದೇ ಕಾರುಬಾರು. ಅಂಥ ದಿನಗಳಲ್ಲಿ ಓಣಿಯ ಪರವಾಗಿ ಮಾತಾಡಲು ಸಂಘ ಬಿಟ್ಟರೆ ಬೇರೆ ಯಾರೂ ಉಳಿಯುವುದಿಲ್ಲ.

ಸಂಘದ ಕೆಲಸಗಳಲ್ಲಿ ಮೊದಲನೆಯದು ನೀರಿನದು. ನವಲಗುಂದ, ಅಣ್ಣಿಗೇರಿಯ ಕಡೆ ಅಂತರ್ಜಲದ ನೆಚ್ಚಿಕೆ ಕಡಿಮೆ. ಬೋರಿನ ನೀರು ಬಹುಪಾಲು ಸವಳು. ಸವದತ್ತಿಯ ನವಿಲುತೀರ್ಥದ ಜಲಾಶಯದಿಂದ ಬರುವ ಮಲಪ್ರಭಾ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿ, ಶುದ್ಧೀಕರಿಸಿ, ಓಣಿಗಳಿಗೆ ಸರದಿಯಂತೆ ಬಿಡುತ್ತಾರೆ. ನವಲಗುಂದಕ್ಕೆ ನೀಲಮ್ಮನ ಕೆರೆಯೇ ಜೀವ. ಕಾಲುವೆ ಬಂದಾಗಿ ಕೆರೆ ಇಳಿದರೆ ಸರದಿ ಉದ್ದವಾಗುತ್ತದೆ, ಮನೆಮನೆಯ ಡ್ರಮ್ಮು, ಕೊಡ, ಸಿಂಟೆಕ್ಸ್ ಲೆಕ್ಕ ಶುರುವಾಗುತ್ತದೆ. ಕಾಲುವೆಯ ಬಾಯಿಗೆ ನೀರು ಬರಬೇಕೆಂದು ಈ ಸೀಮೆ ನಡೆಸಿದ ಹೋರಾಟ ನಾಡಿಗೆ ಗೊತ್ತಿದೆ. 1980ರ ಜುಲೈ 21ರ ರೈತ ಬಂಡಾಯ ಮಲಪ್ರಭಾ ಅಚ್ಚುಕಟ್ಟಿನ ಕರಗಳ ವಿರುದ್ಧ ಎದ್ದಿತ್ತು. 2015ರಿಂದ, ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ನವಲಗುಂದದಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ನದಿಯ ನೀರಿಗೆ ಇಷ್ಟೊಂದು ಜನ ಬೀದಿಗಿಳಿದ ಊರಿನಲ್ಲಿ ಓಣಿಯ ವಾಲ್ವಿನ ನೀರಿಗೆ ನಾಲ್ಕು ಜನ ಕೂಡುವುದು ಕಷ್ಟವಾಗಿರುವುದು ವಿಚಿತ್ರವೆನಿಸಬಹುದು. ಹೋರಾಟಕ್ಕೆ ಒಂದು ಕರೆ ಸಾಕು. ವಾಲ್ವಿನ ಕೆಲಸಕ್ಕೆ ವರ್ಷವಿಡೀ ಬೆನ್ನು ಹತ್ತುವ ತಾಳ್ಮೆ ಬೇಕು.

ಆ ಕೆಲಸ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನೀರು ಬಿಡುವವರು ಉದ್ದನೆಯ ಕಬ್ಬಿಣದ ಚಾವಿ ಹೆಗಲಿಗಿಟ್ಟು ಓಣಿಯ ತಿರುವಿಗೆ ಬಂದು, ಕಲ್ಲು ಸರಿಸಿ, ಚೇಂಬರಿನೊಳಗೆ ಚಾವಿ ಇಳಿಸಿ ತಿರುವುತ್ತಾರೆ. ಅದು ಬೆಳಗಿನ ಜಾವವಿರಬಹುದು, ನಡುರಾತ್ರಿಯೂ ಇರಬಹುದು. ಮೊದಲ ಹತ್ತು ನಿಮಿಷ ನಳದಿಂದ ಗಾಳಿ ಬುಸುಗುಡುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಓಣಿಯ ತಲೆಯಲ್ಲಿರುವ ನಾಲ್ಕು ಮನೆಯವರು ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿದರೆ ಕೊನೆಯ ಮನೆಗಳ ನಳ ಹನಿಯುತ್ತ ನಿಲ್ಲುತ್ತದೆ. ‘ಇವತ್ತ ನಮ್ಮ ಓಣಿಗೆ ನೀರ ಬಿಡ್ತಾರೇನ್ರೀ?’ ಎಂಬ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುತ್ತ ಕೂಲಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕೂರುವವರು ಹೆಂಗಸರು. ಇಂಥಲ್ಲಿ ಸಂಘ ಮಾಡಬಹುದಾದ ದೊಡ್ಡ ಉಪಕಾರಕ್ಕೆ ರೊಕ್ಕವೇ ಬೇಕಿಲ್ಲ. ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂಬುದನ್ನು ಪುರಸಭೆಯಿಂದ ಬರೆಸಿ ತಂದು ಗುಡಿಯ ಗೋಡೆಗೂ ವಾಟ್ಸ್ಆ್ಯಪ್ ಗುಂಪಿಗೂ ಹಾಕುವುದು. ತಪ್ಪಿದ ದಿನಗಳನ್ನು ಒಂದು ನೋಟುಬುಕ್ಕಿನಲ್ಲಿ ಗುರುತು ಮಾಡುವುದು. ಮೋಟಾರ್ ಹಚ್ಚುವ ಮನೆಯವರಿಗೆ ಹಿರಿಯರೇ ಹೋಗಿ ಹೇಳುವುದು. ಪುರಸಭೆಯ ಸಿಬ್ಬಂದಿ ರಾತ್ರಿ ಪ್ರತಿ ಮನೆಯ ನಳ ನೋಡಲಾರರು. ನೆರೆಯವರ ಮಾತಿಗೆ ಅಂಜುವಷ್ಟು ಜನ ನೋಟಿಸಿಗೆ ಅಂಜುವುದಿಲ್ಲ.

ನೀರು ತುಂಬಿಡುವ ಊರಿನಲ್ಲಿ ಡೆಂಗಿಯ ಭಯ ಬೇರೆ. ಈಡಿಸ್ ಸೊಳ್ಳೆ ತತ್ತಿ ಇಡುವುದು ಮನೆಯ ಒಳಗೆ, ಸುತ್ತಮುತ್ತ ನಿಂತ ಸ್ವಚ್ಛ ನೀರಿನಲ್ಲಿ. ತತ್ತಿ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ಸರದಿಯೂ ಅಷ್ಟೇ ದಿನದ್ದಾದರೆ ಡ್ರಮ್ಮು ಬರಿದಾಗುವ ಮೊದಲೇ ಸೊಳ್ಳೆ ಹಾರಿರುತ್ತದೆ. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಓಣಿಯ ಒಬ್ಬಿಬ್ಬರು ಜೊತೆಗೆ ನಡೆದರೆ ಬಾಗಿಲುಗಳು ಬೇಗ ತೆರೆಯುತ್ತವೆ. ಡ್ರಮ್ಮಿಗೆ ಬಟ್ಟೆ ಕಟ್ಟುವುದು, ವಾರಕ್ಕೊಮ್ಮೆ ತಿಕ್ಕಿ ಒಣಗಿಸುವುದು ಹೇಳಿದಷ್ಟು ಸುಲಭವಲ್ಲ, ಯಾಕೆಂದರೆ ಚೆಲ್ಲುವ ಪ್ರತಿ ಕೊಡವೂ ಕಾದು ಹಿಡಿದಿದ್ದು. ನೀರಿನ ಸರದಿ ಸರಿಯಾಗದೆ ಡೆಂಗಿಯ ಮಾತು ಪೂರ್ಣವಾಗುವುದಿಲ್ಲ.

ಎರಡನೆಯ ದೊಡ್ಡ ಕೆಲಸ ಗಟಾರ ಮತ್ತು ರಸ್ತೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ನೆಲ ಎರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಈ ನೆಲದ ಮೇಲೆ ಹಾಕಿದ ರಸ್ತೆ ಎರಡು ಮಳೆಗಾಲದಲ್ಲಿ ತಗ್ಗು ಬೀಳುತ್ತದೆ, ಮನೆಯ ಗೋಡೆ ಸೀಳುತ್ತದೆ. ಎರೆಯಲ್ಲಿ ನೀರು ಇಂಗುವುದಿಲ್ಲ ಎಂಬುದು ಇನ್ನೂ ಮುಖ್ಯ. ಮನೆಯ ಮುಂದೆ ಇಂಗುಗುಂಡಿ ತೋಡಿ ಬಚ್ಚಲು ನೀರು ಬಿಡಿ ಎಂಬ ಸಲಹೆ ಕೆಂಪು ಮಣ್ಣಿನ ಊರಿಗೆ ಸರಿ. ಇಲ್ಲಿ ಆ ಗುಂಡಿ ನಾಲ್ಕು ದಿನಕ್ಕೆ ತುಂಬಿ ಪಕ್ಕದ ಖಾಲಿ ಪ್ಲಾಟಿಗೆ ಹರಿಯುತ್ತದೆ, ಅಲ್ಲಿ ಹೊಂಡವಾಗಿ ಹಂದಿ–ಸೊಳ್ಳೆಗಳ ಮನೆಯಾಗುತ್ತದೆ. ಹೊಸ ಪ್ಲಾಟುಗಳಲ್ಲಿ ಮೊದಲ ದೊಡ್ಡ ಮಳೆಯ ಮರುದಿನ ಬೈಕುಗಳನ್ನು ಹೆದ್ದಾರಿಯ ಬದಿಗೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ನಡೆಯುವವರನ್ನು ಕಾಣಬಹುದು. ಎರೆಯ ಕೆಸರು ಪಾದಕ್ಕೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೆ ಭಾರವಾಗುತ್ತ ಹೋಗುತ್ತದೆ. ಪಟ್ಟಿ (ವಂತಿಗೆ) ಎತ್ತಿ ನಾಲ್ಕು ಟ್ರ್ಯಾಕ್ಟರ್ ಗರಸು ಹಾಕಿಸುವುದು ಕಾಲನಿ ಕಮಿಟಿಯ ಹುಟ್ಟಿಗೆ ಸಾಮಾನ್ಯವಾದ ಕಾರಣ. ಗರಸು ಒಂದು ವರ್ಷಕ್ಕೆ ಎರೆಯೊಳಗೆ ಇಳಿದುಹೋಗುತ್ತದೆ. ಹಾಗಾಗಿ ಗಟಾರ ಮೊದಲು, ರಸ್ತೆ ಆಮೇಲೆ ಎಂದು ಪಟ್ಟು ಹಿಡಿಯುವ ಕಮಿಟಿಯೇ ಜಾಣ ಕಮಿಟಿ. ಕುಂದಗೋಳ, ನವಲಗುಂದ ತಾಲೂಕುಗಳಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ಆಗುವ ಹಾನಿ ಬೇರೆಯೇ ಪ್ರಮಾಣದ್ದು, ಅದು ಓಣಿಯ ಸಂಘದ ಕೈ ಮೀರಿದ್ದು. ಅರೆಮಲೆನಾಡಿನ ಅಂಚಿನಲ್ಲಿರುವ ಕಲಘಟಗಿಗೆ ಎರೆಯ ಕಾಟ ಅಷ್ಟಿಲ್ಲ, ಮಳೆ ಹೆಚ್ಚು.

ಹೊಸ ಬಡಾವಣೆಗಳ ನಿಜವಾದ ತೊಡಕು ಕಾಗದಪತ್ರಗಳಲ್ಲಿದೆ. ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸಿ, ಲೇಔಟ್ ಹಾಕಿ, ಪ್ಲಾಟು ಮಾರಿದವರು ರಸ್ತೆ, ಗಟಾರ, ವಿದ್ಯುತ್ ಕಂಬ ಮಾಡಿಸಿ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಒಪ್ಪಿಸುವವರೆಗೆ ‘ಅದು ಇನ್ನೂ ನಮ್ಮ ಸ್ವಾಧೀನಕ್ಕೆ ಬಂದಿಲ್ಲ’ ಎಂದು ಕಚೇರಿ ಹೇಳುತ್ತದೆ, ‘ಪ್ಲಾಟೆಲ್ಲ ಮಾರಿ ಮುಗಿದಿದೆ’ ಎಂದು ಮಾರಿದವರು ಹೇಳುತ್ತಾರೆ. ತೆರಿಗೆ ಕಟ್ಟಿದ ನಿವಾಸಿ ನಡುವೆ ಸಿಕ್ಕಿಬೀಳುತ್ತಾನೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಂಜೂರಾಗುವ ನಕ್ಷೆಯಲ್ಲಿ ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಜಾಗ ತೋರಿಸಿರುತ್ತದೆ. ಆ ಜಾಗಗಳನ್ನು ಕಾಪಾಡಲು 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯೂ ಇದೆ. ಆದರೆ ನಕ್ಷೆ ಯಾರ ಕೈಯಲ್ಲೂ ಇಲ್ಲದಿದ್ದರೆ ಗಾರ್ಡನ್ನಿನ ಜಾಗದಲ್ಲಿ ಮೊದಲು ಬಣವೆ ಬರುತ್ತದೆ, ಆಮೇಲೆ ತಗಡಿನ ಶೆಡ್ಡು, ಆಮೇಲೆ ಕಂಪೌಂಡು. ಮಂಜೂರಾದ ನಕ್ಷೆಯ ಪ್ರತಿ ಪಡೆಯುವುದೇ ಸಂಘದ ಮೊದಲ ಕೆಲಸವಾಗಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಎನ್‌ಎ ಆಗದ ಹೊಲದಲ್ಲಿ ಗುಂಠಾ ಲೆಕ್ಕದಲ್ಲಿ ಕೊಂಡವರ ಪಾಡು ಇನ್ನೂ ಕಠಿಣ. ಆಸ್ತಿಯ ಉತಾರ ಸಿಗದೆ ಬ್ಯಾಂಕಿನ ಸಾಲವೂ ಇಲ್ಲ. ಅನಧಿಕೃತ ಆಸ್ತಿಗಳಿಗೆ ‘ಬಿ ಖಾತೆ’ ನೀಡುವ ಅಭಿಯಾನವನ್ನು ಸರ್ಕಾರ 2025ರಲ್ಲಿ ಆರಂಭಿಸಿತು. ಅದರಿಂದ ಆಸ್ತಿ ತೆರಿಗೆಯ ಪುಸ್ತಕಕ್ಕೆ ಬರುತ್ತದೆ, ಬಡಾವಣೆ ಸಕ್ರಮವಾಗುವುದಿಲ್ಲ. ಈ ವ್ಯತ್ಯಾಸವನ್ನು ಓಣಿಯವರಿಗೆ ತಿಳಿಹೇಳುವುದೂ ಸಂಘದ ಕೆಲಸವೇ.

ಕಸದ ವಿಷಯದಲ್ಲಿ ಈ ಪಟ್ಟಣಗಳು ಮಹಾನಗರಗಳಂತಲ್ಲ. ಹಿತ್ತಲಲ್ಲಿ ದನ ಇರುವ ಮನೆಯಲ್ಲಿ ಕಾಯಿಪಲ್ಲೆಯ ಸಿಪ್ಪೆ ಕಸವಾಗುವುದಿಲ್ಲ, ಮೇವಾಗುತ್ತದೆ. ಸಗಣಿ–ಬೂದಿ ತಿಪ್ಪೆಗೆ ಹೋಗಿ ವರ್ಷಕ್ಕೊಮ್ಮೆ ಹೊಲ ಸೇರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆಯಾಗಿ ಬೇರ್ಪಡಿಸಿ ಎನ್ನುವ ಮೊದಲೇ ಇಲ್ಲಿ ಅರ್ಧ ಕೆಲಸ ನಡೆದಿತ್ತು. ಕೆಡಿಸಿದ್ದು ಪ್ಲಾಸ್ಟಿಕ್ ಚೀಲ. ತಿಪ್ಪೆಯ ಗೊಬ್ಬರದಲ್ಲಿ ಗುಟ್ಕಾ ಚೀಟಿ, ಹಾಲಿನ ಪಾಕೀಟು ಸೇರಿದ ಮೇಲೆ ಹೊಲಕ್ಕೆ ಒಯ್ಯಲು ರೈತರೇ ಹಿಂಜರಿಯುತ್ತಾರೆ. ಜೊತೆಗೆ ತಿಪ್ಪೆಯ ವಾಸನೆ, ಕಣಿಕೆಯ ಬಣವೆಗೆ ಬೆಂಕಿ ತಗಲುವ ಭಯ, ರಸ್ತೆಗೆ ಅಡ್ಡ ನಿಂತ ಚಕ್ಕಡಿ ಮತ್ತು ಟ್ರ್ಯಾಕ್ಟರ್ ಟ್ರೇಲರ್ ಇವೆಲ್ಲ ನೌಕರಿಯವರಿಗೂ ಒಕ್ಕಲುತನದವರಿಗೂ ನಡುವೆ ಜಗಳಕ್ಕೆ ಕಾರಣವಾಗುತ್ತವೆ. ಇಂಥ ಜಗಳ ಬಿಡಿಸುವ ಬಗೆ ಮಹಾನಗರದ ಸಂಘಗಳಿಂದ ಕಲಿಯಲು ಸಿಗದು, ದೈವದ ಕಟ್ಟೆಯಲ್ಲೇ ಸಿಕ್ಕೀತು. ಕಸವನ್ನು ನಿವಾಸಿಗಳೇ ಹೊಣೆ ಹೊತ್ತು ನಿಭಾಯಿಸಿದ ಮಾದರಿ ಬೇಕೆಂದರೆ ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯತ್ಯಾಜ್ಯ ಘಟಕವಿದೆ. ವಾರ್ಡುಗಳ ನಾಗರಿಕರ ಒಕ್ಕೂಟ ಅದನ್ನು ನಡೆಸಿ ತೋರಿಸಿತು.

ಸಂಘಕ್ಕೆ ಹಣ ಬರುವ ದಾರಿ ಪಟ್ಟಿ. ಗಣೇಶನಿಗೆ, ಕಾಮಣ್ಣನಿಗೆ, ಗುಡಿಯ ಸುಣ್ಣಕ್ಕೆ ಪಟ್ಟಿ ಎತ್ತುವುದು ಈ ಓಣಿಗಳಿಗೆ ಕರಗತವಾದ ವಿದ್ಯೆ. ಹಬ್ಬ ಮುಗಿದ ಎಂಟು ದಿನದೊಳಗೆ ಕಟ್ಟೆಯ ಮೇಲೆ ಜಮೆ–ಖರ್ಚು ಓದುತ್ತಾರೆ: ಪೆಂಡಾಲಿಗೆ ಇಷ್ಟು, ಪ್ರಸಾದಕ್ಕೆ ಇಷ್ಟು, ಉಳಿದಿದ್ದು ಇಷ್ಟು. ಯಾರೋ ಒಬ್ಬ ಹಿರಿಯರು ‘ಬ್ಯಾಂಡಿನವರಿಗೆ ಹೆಚ್ಚು ಕೊಟ್ಟೀರಿ’ ಎಂದು ಕೇಳುತ್ತಾರೆ, ಖಜಾಂಚಿ ರಸೀದಿ ತೋರಿಸುತ್ತಾನೆ. ಈ ಒಂದು ರೂಢಿಯನ್ನು ಉಳಿಸಿಕೊಂಡ ಸಂಘಗಳು ಬಾಳುತ್ತವೆ, ಬಿಟ್ಟವು ಮುರಿಯುತ್ತವೆ. ನಾಲ್ಕೂ ಪಟ್ಟಣಗಳಿಗೆ ಸಲ್ಲುವ ಮಾತಿದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಮಂದಿ ವಯಸ್ಕರು ಕೂಡಿ ನಿಯಮಾವಳಿ ಬರೆದು ಜಿಲ್ಲಾ ನೋಂದಣಾಧಿಕಾರಿಯಲ್ಲಿ ಸಂಘ ನೋಂದಾಯಿಸಬಹುದು. ನೋಂದಣಿಯಾದರೆ ಬ್ಯಾಂಕ್ ಖಾತೆ ತೆರೆಯಬಹುದು, ಸಂಘದ ಪರವಾಗಿ ಕೋರ್ಟಿಗೆ ಹೋಗಬಹುದು. ಪ್ರತಿ ವರ್ಷ ಮಹಾಸಭೆ ಕರೆದು ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಬಹಳಷ್ಟು ಸಂಘಗಳು ಎಡವುವುದು ಇಲ್ಲೇ. ಉತ್ಸಾಹದಲ್ಲಿ ನೋಂದಣಿಯಾಗುತ್ತದೆ, ಅಧ್ಯಕ್ಷರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಕಾಗದದ ಕಟ್ಟು ಅವರ ಟ್ರಂಕಿನ ಜೊತೆ ಹೋಗುತ್ತದೆ.

ಯಾರು ಸಂಘದೊಳಗೆ, ಯಾರು ಹೊರಗೆ ಎಂಬುದು ಅತಿ ಸೂಕ್ಷ್ಮ ಪ್ರಶ್ನೆ, ಅದನ್ನು ಮರೆಮಾಚಬಾರದು. ದೈವ ಎಂದಾಗ ಕೂಡುತ್ತಿದ್ದವರು ಗಂಡಸರು, ಅದರಲ್ಲೂ ಹೊಲಮನೆ ಇದ್ದವರು. ಹಳೆಯ ಓಣಿಗಳು ಜಾತಿಯ ಮೇಲೆ ಕಟ್ಟಿದವು. ಕೇರಿ ಊರ ಅಂಚಿನಲ್ಲಿ, ಪೈಪೂ ಅಲ್ಲಿಗೆ ಮುಟ್ಟುವುದು ಕೊನೆಗೆ. ಆಶ್ರಯ ಕಾಲನಿಯವರನ್ನು ಪಕ್ಕದ ಬಡಾವಣೆಯ ಕಮಿಟಿ ತನ್ನವರೆಂದು ಎಣಿಸುವುದಿಲ್ಲ, ಬಾಡಿಗೆದಾರರನ್ನು ಸಭೆಗೆ ಕರೆಯುವುದಿಲ್ಲ. ಈ ದೋಷ ಇಲ್ಲಿಯದಷ್ಟೇ ಅಲ್ಲ. ದೆಹಲಿ ಸರ್ಕಾರ 2000ದಲ್ಲಿ ನಿವಾಸಿಗಳ ಸಂಘಗಳನ್ನು ಆಡಳಿತದಲ್ಲಿ ಪಾಲುಗೊಳಿಸಲು ‘ಭಾಗೀದಾರಿ’ ಶುರು ಮಾಡಿದಾಗ ಕೊಳೆಗೇರಿಗಳೂ ಅನಧಿಕೃತ ಕಾಲನಿಗಳೂ ಹೊರಗೇ ಉಳಿದವೆಂಬ ಟೀಕೆ ಬಂತು. ಸಣ್ಣ ಪಟ್ಟಣಕ್ಕೆ ಇದನ್ನು ಸರಿಪಡಿಸಲು ಒಂದು ಅನುಕೂಲವಿದೆ. 1997ರ ಸ್ವರ್ಣಜಯಂತಿ ಶಹರಿ ರೋಜ್‌ಗಾರ್ ಯೋಜನೆಯ ಕಾಲದಿಂದ ಬಡ ಓಣಿಗಳಲ್ಲಿ ಹೆಂಗಸರ ನೆರೆಹೊರೆ ಗುಂಪುಗಳು ಹುಟ್ಟಿದವು. ಅದರ ನಂತರ ಬಂದ ದೀನದಯಾಳ್ ಅಂತ್ಯೋದಯ ಯೋಜನೆಯಲ್ಲಿ ಅಂಥ ಸ್ವಸಹಾಯ ಗುಂಪುಗಳನ್ನು ಪ್ರದೇಶ ಮಟ್ಟದ ಒಕ್ಕೂಟಗಳಾಗಿ ಕೂಡಿಸಿದರು. ನಡಾವಳಿ ಬರೆಯುವುದು, ವಾರದ ಸಭೆ, ಪೈಸೆ ಪೈಸೆಯ ಲೆಕ್ಕ ಇವೆಲ್ಲ ಈ ಗುಂಪುಗಳಿಗೆ ಚೆನ್ನಾಗಿ ಗೊತ್ತು. ಕಾಲನಿ ಕಮಿಟಿಗಳು ಇವರನ್ನು ರಂಗೋಲಿ ಸ್ಪರ್ಧೆಗಷ್ಟೇ ಕರೆಯುವುದು ದೊಡ್ಡ ತಪ್ಪು. ಸ್ಥಳೀಯ ಸಂಸ್ಥೆಯ ಅನುದಾನದಲ್ಲಿ ಶೇ 24.10ರಷ್ಟು ಪರಿಶಿಷ್ಟ ಜಾತಿ–ಪಂಗಡದವರಿಗೆ, ಶೇ 7.25ರಷ್ಟು ಇತರ ಬಡವರಿಗೆ, ಶೇ 5ರಷ್ಟು ಅಂಗವಿಕಲರಿಗೆ ಮೀಸಲಿದೆ. ಅದು ಎಲ್ಲಿ ಖರ್ಚಾಯಿತು ಎಂದು ಕೇಳುವ ಸಂಘವೇ ಇಡೀ ಊರಿನ ಸಂಘ.

ಸಂಘಕ್ಕೆ ಮಿತಿಗಳೂ ಇವೆ. ಚುನಾವಣೆ ಹತ್ತಿರ ಬಂದಾಗ ಕಮಿಟಿ ಒಂದು ಪಕ್ಷದ ಬಾವುಟವಾದರೆ ಮರುದಿನದಿಂದ ಅರ್ಧ ಓಣಿ ಸಭೆಗೆ ಬರುವುದಿಲ್ಲ. ಪದಾಧಿಕಾರಿಯೇ ಗಟಾರದ ಗುತ್ತಿಗೆದಾರನಾದರೆ ಗಟಾರದ ಸಿಮೆಂಟಿನ ಬಗ್ಗೆ ಕೇಳುವವರು ಉಳಿಯುವುದಿಲ್ಲ. ಇದಕ್ಕಿಂತ ಮೆಲ್ಲಗೆ ಬರುವ ಅಪಾಯವೆಂದರೆ ಪುರಸಭೆ ಮಾಡಬೇಕಾದ್ದನ್ನು ಸಂಘವೇ ಪಟ್ಟಿ ಎತ್ತಿ ಮಾಡುತ್ತ ಹೋಗುವುದು. ಟ್ಯಾಂಕರಿಗೂ ಗರಸಿಗೂ ದೀಪಕ್ಕೂ ಓಣಿಯೇ ಕೊಟ್ಟರೆ, ಕೊಡಲಾರದ ಓಣಿ ಕತ್ತಲೆಯಲ್ಲಿ ಉಳಿಯುತ್ತದೆ. ತುರ್ತಿಗೆ ಒಮ್ಮೆ ಪಟ್ಟಿ ಸರಿ. ಜೊತೆಗೇ ಆ ಕೆಲಸ ಯಾರದೋ ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ದಿನಾಂಕ, ಸೀಲು, ಸಹಿ ಇರುವ ಆ ಒಂದು ಹಾಳೆಯ ಬೆಲೆ ಗೊತ್ತಾಗುವುದು ಆರು ತಿಂಗಳ ಮೇಲೆ, ‘ನಮಗೆ ಯಾರೂ ಹೇಳಲೇ ಇಲ್ಲ’ ಎಂಬ ಮಾತು ಬಂದಾಗ. ತೆರಿಗೆ ಕಟ್ಟುವುದೂ ಅದೇ ನ್ಯಾಯದ ಇನ್ನೊಂದು ಮುಖ. ಏಪ್ರಿಲ್‌ನಲ್ಲಿ ಪೂರ್ತಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಓಣಿಯ ಎಲ್ಲ ಮನೆಗಳ ಪಾವತಿ ಒಟ್ಟಿಗೆ ಹಿಡಿದು ಹೋದ ಸಂಘದ ಮಾತಿಗೆ ಕಚೇರಿಯಲ್ಲಿ ತೂಕ ಹೆಚ್ಚು.

ವಾರ್ಡ್ ಸಮಿತಿ ಕಡ್ಡಾಯವಿಲ್ಲದ ಈ ಪಟ್ಟಣಗಳಲ್ಲಿ ನಿವಾಸಿಗಳಿಗೆ ತೆರೆದಿರುವ ಒಂದು ಬಾಗಿಲು ಬಜೆಟ್ ಪೂರ್ವಭಾವಿ ಸಭೆ. ಪುರಸಭೆ, ಪಟ್ಟಣ ಪಂಚಾಯಿತಿಗಳು ಮುಂದಿನ ವರ್ಷದ ಆಯವ್ಯಯ ಸಿದ್ಧಪಡಿಸುವ ಮೊದಲು ಸಾರ್ವಜನಿಕರನ್ನು ಕರೆದು ಸಲಹೆ ಕೇಳುತ್ತವೆ. ಗುತ್ತಿಗೆದಾರರು, ಪತ್ರಕರ್ತರು, ಒಂದಿಬ್ಬರು ಮಾಜಿ ಮೆಂಬರರು ಬಂದರೆ ಸಭೆ ಮುಗಿಯುತ್ತದೆ, ಕುರ್ಚಿಗಳು ಖಾಲಿ ಇರುತ್ತವೆ. ನೋಟಿಸ್ ಬೋರ್ಡಿನ ಮೇಲೆ ಆ ಸಭೆಯ ದಿನಾಂಕ ಅಂಟಿಸಿದಾಗ ಓಣಿಗೆ ಇಬ್ಬರಾದರೂ ತಮ್ಮ ನಕ್ಷೆ, ನೀರಿನ ನೋಟುಬುಕ್ಕು, ಸ್ವೀಕೃತಿಯ ಹಾಳೆಗಳನ್ನು ತೆಗೆದುಕೊಂಡು ಹೋಗಿ ಕೂರಬೇಕು. ಅವರಲ್ಲಿ ಒಬ್ಬರು ರಾತ್ರಿ ನಳದ ಮುಂದೆ ಕೊಡ ಇಟ್ಟು ಕಾಯುವ ಹೆಂಗಸಾಗಿರಲಿ.